ಅಕ್ಕ ಲಗೋರಿ ಆಡಿದ ಭಾನುವಾರ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಅಕ್ಕ ನಕ್ಕಳು. ಯಾರಪ್ಪಾ ಇದು ಎಂದು ನಾನು ತಿರುಗಿ ನೋಡಿದೆ. ಒಡಹುಟ್ಟಿದವಳ ನಗುವೇ ಗುರುತು ಸಿಗಲಿಲ್ಲವೆಂದರೆ, ಅವಳು ನಗದೆ ಎಷ್ಟು ಕಾಲವಾಗಿರಬೇಕು, ನೀವೇ ಹೇಳಿ.

ಅಕ್ಕ ನೀಲಮ್ಮನನ್ನು ಕೊಟ್ಟದ್ದು ಕುರುಗೋಡಿಗೆ. ಭಾವ ತೀರಿಕೊಂಡಾಗ ಅವಳಿಗಿನ್ನೂ ಚಿಕ್ಕ ವಯಸ್ಸು. ಅಲ್ಲಿಂದಾಚೆ ಅವಳ ಲೋಕವೆಂದರೆ ಅಡುಗೆಮನೆ, ಹಿತ್ತಲು. ಕಣ್ಣಿನ ಔಷಧಕ್ಕೆಂದು ಬಳ್ಳಾರಿಗೆ, ನಮ್ಮ ಮನೆಗೆ ಬಂದಳು. ಇಲ್ಲೂ ಅದೇ. (ಹಿತ್ತಲು ಮಾತ್ರ ಇನ್ನೂ ಚಿಕ್ಕದು.)

ಆಗಲೇ ಕೌಲ್ ಬಜಾರಿನಲ್ಲಿ ಡಂಗುರ ಹೊಡೆದರು. ಭಾನುವಾರ ಸಂಜೆ ಶಾಲೆಯ ಬಯಲಿನಲ್ಲಿ ಹೆಂಗಸರಿಗೆ ಆಟ, ಹಾಡು. ಟಿಕೆಟ್ ಇಲ್ಲ. ಯಾವ ಜಾತಿಯವರೂ ಬರಬಹುದು. ಏರ್ಪಾಡು ಮಾಡಿದವರು ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ, ತೆಲುಗಿನವರು. ಗಂಡಸರಿಗೆ ಪ್ರವೇಶವಿಲ್ಲ. ನೀರು ಹೊರಲು ಒಪ್ಪಿದರೆ ಗೇಟಿನ ತನಕ ಪರ್ಮಿಷನ್. ನಾನು ಒಪ್ಪಿಕೊಂಡೆ. (ಅಂಕಣ ಬರೆಯುವವನಿಗೆ ಕುತೂಹಲ ಜಾಸ್ತಿ.)

ನನ್ನ ಹೆಂಡತಿ ಹಟ ಹಿಡಿದು ಅಕ್ಕನನ್ನು ಹೊರಡಿಸಿದಳು. ಗೇಟಿನವರೆಗೆ ಬಂದ ಅಕ್ಕ ಅಲ್ಲೇ ನಿಂತುಬಿಟ್ಟಳು. ಬಳೆಯಿಲ್ಲದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, “ನಾ ಒಲ್ಲೆವ್ವ. ಇಲ್ಲೇ ಹೊರಗ ಕುಂದರ್ತೀನಿ” ಎಂದಳು.

ಟೀಚರಮ್ಮ ಓಡಿ ಬಂದರು. ಎರಡೂ ಕೈ ಜೋಡಿಸಿ, “ರಂಡಿ ಅಮ್ಮಾ, ಲೋಪಲಿಕಿ ರಂಡಿ” ಎಂದರು.

ತೆಲುಗಿನಲ್ಲಿ ಅದು ‘ಬನ್ನಿ ಅಮ್ಮಾ, ಒಳಗೆ ಬನ್ನಿ’. ಆದರೆ ಗಂಡ ಸತ್ತ ಕನ್ನಡದ ಹೆಂಗಸಿಗೆ ಆ ಪದ ಹೇಗೆ ಕೇಳಿಸುತ್ತದೆ ಎಂದು ನಾನು ಬಿಡಿಸಿ ಹೇಳಬೇಕೆ? ಕೊಡ ಹಿಡಿದವನು ಹಾಗೇ ನಿಂತೆ.

ಅಕ್ಕ ಅವರ ಮುಖವನ್ನೇ ನೋಡಿದಳು. ಅವಳಿಗೆ ತೆಲುಗು ಬರುತ್ತದೆ (ನಮ್ಮ ಕಡೆ ಯಾರಿಗೆ ಬರುವುದಿಲ್ಲ?). ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದಳು: “ನಮ್ಮತ್ತಿ ದಿನಾ ಇದ ಮಾತು ಹಿಡದು ಬೈತಿದ್ಲೋ ತಮ್ಮಾ. ಕೈ ಮುಗದು ಅಂದಾಕಿ ಈಕಿ ಒಬ್ಬಾಕಿನ.”

ಒಳಗೆ ಹೋದಳು.

ಅಲ್ಲಿ ಲಗೋರಿ ನಡೆದಿತ್ತು. ಒಂದರ ಮೇಲೊಂದು ಇಟ್ಟ ಕಲ್ಲುಗಳು, ಬಟ್ಟೆ ಸುತ್ತಿ ಮಾಡಿದ ಚೆಂಡು. ಅಕ್ಕ ಸೆರಗು ಬಿಗಿದು ಗುರಿಯಿಟ್ಟಳು. ಕಲ್ಲು ಚೆಲ್ಲಾಪಿಲ್ಲಿ. ಓಡಿದಳು. ಎಡವಿ ಬಿದ್ದಳು, ಮೊಣಕಾಲು ತರಚಿತು. ಆಗಲೇ ಆ ನಗು! ಬಳ್ಳಾರಿ ಕನ್ನಡ ರಾಜ್ಯಕ್ಕೆ ಸೇರಬೇಕೋ ತೆಲುಗು ರಾಜ್ಯಕ್ಕೋ ಎಂದು ಹೊರಗೆ ಹೋಟೆಲಿನಲ್ಲಿ ನಮ್ಮ ಗಂಡಸರು ಗಂಟಲು ಹರಿದುಕೊಳ್ಳುತ್ತಿದ್ದರು. ಒಳಗೆ ಕನ್ನಡ, ತೆಲುಗು, ಉರ್ದು ಎಲ್ಲವೂ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದವು.

ಸುದ್ದಿ ಕುರುಗೋಡು ಮುಟ್ಟಲು ತಡವಾಗಲಿಲ್ಲ. ಅವಳನ್ನು ಊರಿಗೆ ಕರೆದೊಯ್ಯಲು ಅಕ್ಕನ ಮೈದುನ ಬಸ್ಸು ಹಿಡಿದು ಬಂದ.

“ಅತ್ತಿಗಿ, ಬಯಲಾಗ ಓಡ್ಯಾಡಿದ್ರಂತಲ್ಲ. ನಾಕು ಮಂದಿ ಏನಂದಾರು?”

ಅಕ್ಕ ಅವನ ತಟ್ಟೆಗೆ ರೊಟ್ಟಿ ಹಾಕುತ್ತಲೇ ಹೇಳಿದಳು: “ನಾಕು ಮಂದಿ ನಿಮ್ಮಣ್ಣಗ ಹೆಗಲು ಕೊಟ್ಟು ಹೋದ್ರಪ. ಆಮ್ಯಾಲೆ ನಾ ಬದುಕೀನೋ ಇಲ್ಲೋ ಹೊಳ್ಳಿ ನೋಡ್ಲಿಲ್ಲ. ಅವ್ರನ್ನ ಏನ್ ಕೇಳೂದು? ಊರಿಗೆ ಬರ್ತೀನಿ ನಡಿ. ಆದ್ರ ಐತವಾರ ನಾ ಆಡಾಕಿ.”

ಅವನು ರೊಟ್ಟಿ ಮುರಿಯುವುದನ್ನೇ ಮರೆತ. ಕೊನೆಗೆ, “ಹೊತ್ತು ಮುಳುಗೂದ್ರಾಗ ಮನಿಗೆ ಬರಬೇಕ್ ನೋಡ್ರಿ” ಎಂದ. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

ಮೊನ್ನೆ ಕುರುಗೋಡಿಗೆ ಹೋಗಿದ್ದೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಏಳೆಂಟು ಹೆಂಗಸರು. ನಡುವೆ ಅಕ್ಕ, ಯಾರದೋ ಹೊಸ ಸೊಸೆಗೆ ಗುರಿ ಹಿಡಿಯಲು ಕಲಿಸುತ್ತಿದ್ದಾಳೆ. ದಾರಿಯಲ್ಲಿ, ಬಯಲಿಗೆ ಬೆನ್ನು ಮಾಡಿ ನಿಂತಿದ್ದಾನೆ ಮೈದುನ. ನಿಂತು ನೋಡುವ ಗಂಡಸರಿಗೆ, “ಏನ್ ನೋಡ್ತೀರಿ? ನಡೀರಿ, ನಡೀರಿ” ಎನ್ನುತ್ತಿದ್ದ. ನನಗೂ ಹಾಗೇ ಅಂದ!

ತಮ್ಮಲ್ಲೂ ಹೆಂಗಸರನ್ನು ಆಡಿಸಿರೆಂದು ಸಿರುಗುಪ್ಪದಿಂದಲೂ ಟೀಚರಮ್ಮನಿಗೆ ಕರೆ ಬಂದಿದೆಯಂತೆ.

ಒಂದು ಬಯಲು, ಒಂದು ಬಟ್ಟೆ ಚೆಂಡು, ಕೈ ಮುಗಿದು ಕರೆಯುವವರೊಬ್ಬರು. ಇಷ್ಟಕ್ಕೂ ಸರ್ಕಾರವೇ ಬರಬೇಕೇ, ಸ್ವಾಮಿ?