ಗುರುವಾರದ ಮೂವರು

ಇವತ್ತು ಬೆಳಿಗ್ಗೆ ಚಿಕ್ಕೋಡಿಯ ನನ್ನ ಬಾಡಿಗೆ ಮನೆಯ ಕಿಟಕಿಯಿಂದ, ಹಂಚಿನ ಮೇಲೆ ಉದುರಿದ ಜೋಳದ ಹಿಟ್ಟು ಕರಕಾಗುವ ವಾಸನೆ ಒಳಗೆ ಬಂತು. ಇಂಥ ವಾಸನೆಗಳಿಂದ ಪ್ರಬಂಧ ಶುರುಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೂಗು ಒಂದು ಚೂರನ್ನು ನೆನಪಿಸುತ್ತದೆ, ಉಳಿದದ್ದನ್ನು ನಾವು ಕೂತು ಹೊಂದಿಸುತ್ತೇವೆ. ಆದರೂ ಅಥಣಿಯ ಆ ರೊಟ್ಟಿ ಕೇಂದ್ರ ಕಣ್ಣಮುಂದೆ ಬಂತು. ನೀವೂ ಸ್ವಲ್ಪ ಹೊತ್ತು ನನ್ನ ಜೊತೆ ಅಲ್ಲಿ ನಿಲ್ಲಿ.

ಆಗ ನಾನು ಅಥಣಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಕೋಣೆಯ ಕೆಳಗೇ ಏಳು ಜನ ಹೆಂಗಸರು ಸೇರಿ ಕೇಂದ್ರ ನಡೆಸುತ್ತಿದ್ದರು. ದಿನಕ್ಕೆ ಮೂವರ ಪಾಳಿ. ಯಾವಾಗಲೂ ಅದೇ ಮೂವರು ಕೂಡಿದರೆ ರೊಟ್ಟಿಗಿಂತ ಮಾತು ಜಾಸ್ತಿ ಎಂದು ಉಳಿದವರ ತಕರಾರು. ಕೇಂದ್ರದ ಹಿರಿಯರು ಸುಶೀಲಕ್ಕ, ಐಗಳಿಯ ಜೈನ ಒಕ್ಕಲು ಮನೆತನದವರು. ಒಂದು ಸಂಜೆ ಅವರು ನನ್ನನ್ನು ಮೆಟ್ಟಿಲ ಮೇಲೆ ತಡೆದು, ಎಲ್ಲರಿಗೂ ಎಲ್ಲರ ಜೊತೆ ಸರಿಸಮ ಬರುವ ಹಾಗೆ ಪಾಳಿ ಹಾಕಿಕೊಡಿ ಎಂದರು.

ನನಗೆ ಹಿಗ್ಗಾಯಿತು. ಗಣಿತದವನನ್ನು ಯಾರೂ ಹೀಗೆ ಮೆಟ್ಟಿಲ ಮೇಲೆ ತಡೆಯುವುದಿಲ್ಲ. ಎಣಿಸಿ ಮುಗಿಸಬಹುದಾದಷ್ಟೇ ಬಿಂದುಗಳಿರುವ ಒಂದು ರೇಖಾಗಣಿತವಿದೆ. ಅದರ ಅತಿ ಸಣ್ಣ ಸಮತಲದಲ್ಲಿ ಏಳು ಬಿಂದು, ಏಳು ರೇಖೆ, ಒಂದೊಂದು ರೇಖೆಯ ಮೇಲೆ ಮೂರು ಬಿಂದು. ಯಾವ ಎರಡು ಬಿಂದುಗಳೂ ಒಂದೇ ಒಂದು ರೇಖೆಯ ಮೇಲೆ ಜೊತೆಯಾಗುತ್ತವೆ, ಯಾವ ಎರಡು ರೇಖೆಗಳೂ ಒಂದೇ ಒಂದು ಬಿಂದುವಿನಲ್ಲಿ ಕೂಡುತ್ತವೆ. ಸಮಾಂತರ ಎಂಬುದೇ ಇಲ್ಲ. ಬಿಂದುವಿನ ಜಾಗದಲ್ಲಿ ಹೆಂಗಸರನ್ನು, ರೇಖೆಯ ಜಾಗದಲ್ಲಿ ವಾರದ ದಿನಗಳನ್ನು ಬರೆದೆ. ಪಾಳಿ ಸಿದ್ಧವಾಯಿತು.

ಮರುದಿನ ಜಯಶ್ರೀ ಮೇಲೆ ಬಂದಳು. ಕಾಗವಾಡದ ಕಡೆಯವಳು. ಪಾಳಿಯಲ್ಲಿ ಗುರುವಾರ ಅವಳ ಜೊತೆ ಸುಶೀಲಕ್ಕ ಮತ್ತು ಕಮಲವ್ವ ಬಂದಿದ್ದರು. ಕಮಲವ್ವನ ಮಗಳಿಗೂ ಜಯಶ್ರೀಯ ತಮ್ಮನಿಗೂ ನಿಶ್ಚಯವಾಗಿದ್ದ ಮದುವೆ ಮುರಿದು, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

“ಆಕೀ ಜೋಡಿ ನಾ ಕೂಡಂಗಿಲ್ರಿ ಸರ. ಹೆಸರು ಅಲ್ಲಿಂದಿಲ್ಲಿ ಮಾಡ್ರಿ. ಇಲ್ಲಂದ್ರ ನಾ ಕೇಂದ್ರ ಬಿಡ್ತೀನಿ.”

ಕೂತು ನೋಡಿದೆ. ಒಬ್ಬೊಬ್ಬರಿಗೂ ಸೊನ್ನೆ, ಒಂದುಗಳ ಮೂರಂಕಿಯ ಒಂದು ಸದಿಶ, ಅಂದರೆ ವೆಕ್ಟರ್, ಕೊಟ್ಟೆ. ಒಂದಕ್ಕೆ ಒಂದು ಕೂಡಿದರೆ ಸೊನ್ನೆ ಎಂಬ ಲೆಕ್ಕದಲ್ಲಿ, ಇಬ್ಬರನ್ನು ಕೂಡಿಸಿದರೆ ಬರುವವಳೇ ಆ ದಿನದ ಮೂರನೆಯವಳು. ರೇಖೆಗಳು ಕೆಡದಂತೆ ಈ ಏಳು ಬಿಂದುಗಳ ಜಾಗ ಬದಲಿಸುವ ರೀತಿಗಳು ನೂರ ಅರವತ್ತೆಂಟು. ಅದು ಆ ಸಮತಲದ ಸಮ್ಮಿತಿಗಳ ಗುಂಪು. ಅದು ಯಾವ ಜೋಡಿಯನ್ನು ಬೇಕಾದರೂ ಯಾವ ಜೋಡಿಯ ಜಾಗಕ್ಕೂ ಒಯ್ಯುತ್ತದೆ. ಮುನಿಸಿಕೊಂಡ ಜೋಡಿಯನ್ನು ಬೇರೆಯಾಗಿ ಗುರುತಿಸುವುದಿಲ್ಲ. ಹೆಸರುಗಳನ್ನು ಹೇಗೆ ತಿರುಗಿಸಿದರೂ ಇವರಿಬ್ಬರು ವಾರಕ್ಕೊಮ್ಮೆ ಎದುರಾಗಲೇಬೇಕಿತ್ತು. ಹಾಗೆಂದು ಹೇಳಿದೆ. ಸಿಟ್ಟಾದ ಜಯಶ್ರೀಯನ್ನು ಸುಶೀಲಕ್ಕ ಸಮಾಧಾನ ಮಾಡಿದ ರೀತಿ ಇದು: “ವಾರದಾಗ ಒಂದ ದಿನ ಬೇ. ಹಂಚು ನೋಡ್ಕೋಂತ ಕುಂಡ್ರು, ಆಕೀ ಮಾರಿ ಯಾಕ ನೋಡ್ತಿ?”

ಮೊದಲ ಗುರುವಾರ ನಾನು ಕಾಲೇಜಿನಲ್ಲಿದ್ದೆ. ಶುಕ್ರವಾರ ರೊಟ್ಟಿಗೆ ಹೋದಾಗ ಕಮಲವ್ವ ಸಿಕ್ಕಳು. ನಿನ್ನೆ ಜಯಶ್ರೀ ಅತ್ತಳಂತೆ. ಶನಿವಾರ ಜಯಶ್ರೀ ಇದ್ದಳು. ಅತ್ತದ್ದು ಕಮಲವ್ವ ಅಂತೆ, ತಾನು ನೀರು ಕೊಟ್ಟದ್ದಷ್ಟೇ. ರವಿವಾರ ಸುಶೀಲಕ್ಕ, ಯಾರೂ ಅಳಲಿಲ್ಲ, ಹಸಿ ಕಟ್ಟಿಗೆಯ ಹೊಗೆ ಎಂದರು. ಆಗ ನನಗೆ ಹೊಳೆಯಿತು. ಉಳಿದ ಆರೂ ರೇಖೆಗಳು ಗುರುವಾರದ ರೇಖೆಯನ್ನು ಒಂದೊಂದೇ ಬಿಂದುವಿನಲ್ಲಿ ಮುಟ್ಟುತ್ತವೆ. ಅಂದರೆ ಆ ಆರರಲ್ಲಿ ಯಾವ ದಿನ ಹೋದರೂ ಒಬ್ಬ ಸಾಕ್ಷಿ ಸಿಗುತ್ತಾಳೆ, ಇಬ್ಬರು ಎಂದೂ ಸಿಗುವುದಿಲ್ಲ. ತಾಳೆ ನೋಡಲು ಬಾರದ ಹಾಗೆ ನಾನೇ ಪಾಳಿ ಹಾಕಿದ್ದೆ.

ಮುಂದಿನ ಗುರುವಾರವೂ ಜಯಶ್ರೀ ಬಂದಳು. ಬಿಡುವ ಮಾತು ಮತ್ತೆ ಎತ್ತಲಿಲ್ಲ. ಅಲ್ಲಿ ನಡೆದದ್ದೇನು ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂಬಂತೆ ಬರೆಯುವುದು ಸುಲಭವಿತ್ತು.

ಪ್ರಬಂಧವನ್ನು ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನಿನ್ನೆ ಜಯಶ್ರೀ ಫೋನು ಮಾಡಿದ್ದಳು. ಇದನ್ನೆಲ್ಲ ನೆನಪಿಸಿದ್ದು ಬಹುಶಃ ಆ ಫೋನೇ ಹೊರತು ಬೆಳಗಿನ ವಾಸನೆಯಲ್ಲ. ಕಮಲವ್ವನ ಬಲಭುಜ ಏಳುತ್ತಿಲ್ಲವಂತೆ. ರೊಟ್ಟಿ ಬಡಿಯಲು ಆಗುತ್ತಿಲ್ಲ. ಅವಳನ್ನು ಬಿಡಿಸಿ ಬೇರೆಯವಳನ್ನು ತೆಗೆದುಕೊಳ್ಳೋಣ ಎಂಬ ಮಾತು ಶುರುವಾಗಿದೆ.

“ವಹಿನಿ ಇರೋ ಮೂರೂ ದಿನ ನನ್ನ ಹಾಕ್ರಿ,” ಎಂದಳು ಜಯಶ್ರೀ. ಮಾತಿರದಿದ್ದ ಕಮಲವ್ವ ಈಗ ಅವಳಿಗೆ ವಹಿನಿ, ಅತ್ತಿಗೆ. “ಆಕೀ ಪಾಲಿಂದು ನಾ ಬಡೀತೀನಿ.”

ಹಾಗೆ ಮಾಡಿದರೆ ಪಾಳಿ ಕೆಡುತ್ತದೆ, ಕೆಲವರು ಎಂದೂ ಕೂಡುವುದಿಲ್ಲ, ಸರಿಸಮ ಎಂಬುದು ಹೋಗುತ್ತದೆ ಎಂದು ನಾನು ವಿವರಿಸಿದೆ. ಬೋರ್ಡಿನ ಮುಂದೆ ನಿಂತವನ ಅಭ್ಯಾಸ. ಅವಳು ಪೂರಾ ಕೇಳಿಸಿಕೊಂಡಳು.

“ಕೆಡ್ಲಿ ಬಿಡ್ರಿ ಸರ.”

ಈಗಷ್ಟೇ ಹೊಸ ಪಾಳಿ ಬರೆದು ಸುಶೀಲಕ್ಕನಿಗೆ ಕಳಿಸಿದೆ. ಅವರು ಏನೂ ಕೇಳದೆ ‘ಬರೋಬ್ಬರಿ ಆತು’, ಸರಿಯಾಯಿತು, ಎಂದು ಉತ್ತರಿಸಿದರು. ಹಳೆಯ ಸಮ್ಮಿತಿಗಳಲ್ಲಿ ಬಹಳಷ್ಟು ಹೋದವು, ಗುಂಪು ಸಣ್ಣದಾಯಿತು. ಆದರೆ ಆ ನೂರ ಅರವತ್ತೆಂಟರಲ್ಲಿ ಇರದಿದ್ದ ಒಂದು ಹೊಸದಾಗಿ ಬಂದಿದೆ. ಉಳಿದ ಐವರನ್ನು ಅಲ್ಲಾಡಿಸದೆ ಕಮಲವ್ವ, ಜಯಶ್ರೀಯರ ಹೆಸರನ್ನಷ್ಟೇ ಅದಲು ಬದಲು ಮಾಡಿದ್ದರೆ ಹಿಂದೆ ರೇಖೆಗಳು ಮುರಿಯುತ್ತಿದ್ದವು. ಈಗ ಮಾಡಿ ನೋಡಿದೆ. ಪಾಳಿಯಲ್ಲಿ ಏನೂ ಬದಲಾಗಲಿಲ್ಲ.