ರತ್ನಕ್ಕನ ಬಾಯಿಮಾತಿನ ತಂಗಿ

ತಪ್ಪು ಮಾಡಿದವಳು ನಾನು, ನಿದ್ದೆಗೆಟ್ಟವಳು ರತ್ನಕ್ಕ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಓದಿ ನೀವು ಅವಳನ್ನೇ ಬೈಯುತ್ತೀರಿ.

ರತ್ನಕ್ಕ ಐರ್ಲೆಂಡಿನ ನೇಸ್ ಎಂಬ ಊರಿನಲ್ಲಿ ನಮ್ಮ ಹಿಂದಿನ ಬೀದಿಯವಳು. ನನಗಿಂತ ಒಂದು ವರ್ಷ ಚಿಕ್ಕವಳು, ಆದರೂ ಇಲ್ಲಿನ ಕನ್ನಡದವರೆಲ್ಲ ಅಕ್ಕ ಎನ್ನುತ್ತಾರೆಂದು ನಾನೂ ಅನ್ನುತ್ತೇನೆ. ಹದಿನೆಂಟನೇ ವಯಸ್ಸಿನಲ್ಲಿ ಅವಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅಲ್ಲಿನ ಸೂಪರ್‌ವೈಸರ್ ರಿಜಿಸ್ಟರಿನಲ್ಲಿ ಒಂದು ಮೊತ್ತ ಬರೆದು ಸಹಿ ಹಾಕಿಸಿಕೊಂಡು ಕೈಗೆ ಬೇರೆಯದೇ ಮೊತ್ತ ಕೊಡುತ್ತಿದ್ದನಂತೆ. ಹೋಟೆಲಿನಲ್ಲಿ ಅಡುಗೆ ಮಾಡುವ ಗಂಡ ಗುರುಪ್ರಸಾದನ ಜೊತೆ ಐರ್ಲೆಂಡಿಗೆ ಬಂದು ಹದಿನೈದು ವರ್ಷವಾದರೂ ಅವಳು ಆ ಮಹಾನುಭಾವನಿಗೆ ಶಾಪ ಹಾಕದ ವಾರವಿಲ್ಲ. "ಉಪವಾಸ ಬಿದ್ರೂ ಚಿಂತೆ ಇಲ್ಲ, ದುಡಿದೋರ ಕೂಲಿ ತಿಂದೋಳು ಅಂತ ಅನ್ನಿಸ್ಕೋಬಾರ್ದು" ಎನ್ನುವುದು ಅವಳ ಹಠ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಗುರುಪ್ರಸಾದನ ಹೋಟೆಲ್ ಬಾಗಿಲು ಹಾಕಿತು. ಮನೆಯಿಂದಲೇ ಕೆಲಸ ಮಾಡುವ ನಮ್ಮ ಐಟಿ ಮಂದಿಗೆ ಆಗಲೇ ದೋಸೆಯ ಚಪಲ ಹತ್ತಿತ್ತು. ರತ್ನಕ್ಕ ಬೇಕಾದ ಪರವಾನಗಿ ಪಡೆದು ಹಿಟ್ಟು ರುಬ್ಬಿ ಮಾರತೊಡಗಿದಳು. ಎರಡು ಕೈ ಸಾಲದಾದಾಗ ಗಗನಾಳನ್ನು ಕರೆದುಕೊಂಡು ಬಂದಳು. ತುಮಕೂರಿನ ಆ ಹುಡುಗಿ ಇಲ್ಲಿ ಮಾಸ್ಟರ್ಸ್ ಓದುತ್ತಿದ್ದಳು. ಕೆಲಸಕ್ಕಿದ್ದ ರೆಸ್ಟೋರೆಂಟ್ ಮುಚ್ಚಿ, ರೂಮಿನ ಬಾಡಿಗೆಗೂ ದಿಕ್ಕಿಲ್ಲದೆ ನಿಂತಿದ್ದಳು. ಮಹಡಿಯ ಕೋಣೆ, ಮೂರು ಹೊತ್ತು ಊಟ, ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ಗಂಟೆಗೆ ಏಳು ಯೂರೋ ಎಂದು ಮಾತಾಯಿತು. ಮೊದಲ ದಿನ ಬಾಯಿತಪ್ಪಿ "ಆಂಟಿ" ಎಂದಿದ್ದಕ್ಕೆ, "ಆಂಟಿ ಅಂದ್ರೆ ಹಿಟ್ಟು ಹುಳಿಯಾಗುತ್ತೆ, ಅಕ್ಕ ಅನ್ನು" ಎಂದಳಂತೆ ರತ್ನಕ್ಕ.

ನನ್ನ ತಪ್ಪು ನಡೆದದ್ದು ಇಲ್ಲೇ. ಅಕೌಂಟೆಂಟ್ ಮರೇಡ್ ಜೊತೆ ಮಾತಾಡಲು ರತ್ನಕ್ಕನಿಗೆ ಇಂಗ್ಲಿಷ್ ಸಾಲದು. ಅದಕ್ಕೆ ಅವಳ ಅಂಗಳದಲ್ಲಿ ಎರಡು ಮೀಟರ್ ದೂರ ನಿಂತು, ಸ್ಪೀಕರ್ ಫೋನಿನಲ್ಲಿ ಅನುವಾದದ ಸೇವೆ ನನ್ನದು. ಕೆಲಸಕ್ಕೆ ಬಂದಿರುವ ಹುಡುಗಿ ಇವರಿಗೇನಾಗಬೇಕು ಎಂದು ಮರೇಡ್ ಕೇಳಿದಳು. ರತ್ನಕ್ಕ ಮೆಂತ್ಯ ಆರಿಸುತ್ತಾ ತಲೆ ಎತ್ತದೆ "ತಂಗಿ" ಎಂದಳು. ನಾನು "ಸಿಸ್ಟರ್" ಎಂದೆ. ನಮ್ಮಲ್ಲಿ ತರಕಾರಿ ಮಾರುವವಳೂ ಅಕ್ಕ, ಬಸ್ಸಿನಲ್ಲಿ ಪಕ್ಕ ಕೂತವಳೂ ತಂಗಿ ಎಂದು ಅರ್ಧ ವಾಕ್ಯ ಸೇರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮನೆಯಲ್ಲಿ ಮಗನ ಆನ್‌ಲೈನ್ ಕ್ಲಾಸು ಕೈಕೊಟ್ಟಿತ್ತು, ನನಗೆ ಅವಸರ. ಸ್ವಂತ ವ್ಯಾಪಾರದಲ್ಲಿ ಒಡಹುಟ್ಟಿದವರು ದುಡಿದರೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ, ಹಾಗಾದರೆ 'ಗ್ರ್ಯಾಂಡ್', ಅಂದರೆ ಇಲ್ಲಿನವರ ಮಾತಿನಲ್ಲಿ ಎಲ್ಲ ಸರಿ, ಎಂದು ಮರೇಡ್ ಫೋನ್ ಇಟ್ಟಳು. ಸರ್ಕಾರವೇ ಒಪ್ಪಿತು ಎಂದುಕೊಂಡಳು ರತ್ನಕ್ಕ.

ಮರುವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಮಾಸ್ಕ್ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲೊಂದು ಇಂಗ್ಲಿಷ್ ಕಾಗದ.

"ಇದನ್ನ ಓದು ಶರ್ಮಿಳಾ. ಒಂದೇ ಮನೇಲಿ ಇದ್ಕೊಂಡು ನಂಗೆ ಕಾಗದ ಬರೀತಾಳೆ."

ಗಗನಾ ಬರೆದದ್ದು. ಕಳೆದ ತಿಂಗಳು ತನಗೆ ಸರಾಸರಿ ಗಂಟೆಗೆ ಎಷ್ಟು ಸಂಬಳ ಬಿದ್ದಿದೆ ಎಂದು ಬರವಣಿಗೆಯಲ್ಲಿ ತಿಳಿಸಬೇಕು, ಕಾನೂನಿನ ಪ್ರಕಾರ ಇದಕ್ಕೆ ನಾಲ್ಕು ವಾರ ಗಡುವು ಎಂದಿತ್ತು. ಓದಿ ಹೇಳಿದೆ. ರತ್ನಕ್ಕನ ಮುಖಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ಅದು ಇಳಿಯಿತು.

"ಕಮ್ಮಿ ಕೊಟ್ಟಿದೀನಾ ನಾನು?" ಎಂದಳು.

ಮರೇಡ್‌ಗೆ ಫೋನ್ ಮಾಡಿದೆವು. ಈ ಸಲ ನಾನು ಅಕ್ಕ ತಂಗಿಯರ ಪುರಾಣವನ್ನೆಲ್ಲ ಬಿಡಿಸಿ ಹೇಳಿದೆ. ಆಮೇಲೆ ಮರೇಡ್ ನಿಧಾನವಾಗಿ ವಿವರಿಸಿದಳು. ಹಾಗಾದರೆ ಆ ಹುಡುಗಿ ಕಾನೂನಿನ ಕಣ್ಣಿಗೆ ತಂಗಿಯಲ್ಲ, ಕೆಲಸಗಾರ್ತಿ. ಇಪ್ಪತ್ತು ದಾಟಿದವಳಾದ್ದರಿಂದ ಪೂರ್ತಿ ದರ ಕೊಡಬೇಕು, ಈ ಜನವರಿಯಿಂದ ಗಂಟೆಗೆ ಹತ್ತು ಯೂರೋ ಇಪ್ಪತ್ತು ಸೆಂಟ್. ಊಟ ಮತ್ತು ಕೋಣೆಯನ್ನು ಲೆಕ್ಕಕ್ಕೆ ಹಿಡಿಯಬಹುದು, ಆದರೆ ನಮಗೆ ತೋಚಿದಷ್ಟಲ್ಲ. ಊಟಕ್ಕೆ ಗಂಟೆಗೆ ಒಂದು ಯೂರೋಗಿಂತ ಕಡಿಮೆ, ಕೋಣೆಗೆ ವಾರಕ್ಕೆ ಇಪ್ಪತ್ನಾಲ್ಕರ ಆಸುಪಾಸು.

"ಇಪ್ಪತ್ನಾಲ್ಕಾ? ಆ ಕೋಣೆ ಹೊರಗಡೆ ಕೊಟ್ರೆ ತಿಂಗಳಿಗೆ ಐನೂರು ಬರುತ್ತೆ ಕಣೇ" ಎಂದು ಗೊಣಗಿದಳು ರತ್ನಕ್ಕ. ಏಳು ಯೂರೋ ಧಾರಾಳವೆಂದು ಅವಳು ನಂಬಿದ್ದೇ ಈ ಲೆಕ್ಕದ ಮೇಲೆ. ಎಲ್ಲ ಕೂಡಿಸಿದರೂ ಗಂಟೆಗೆ ಒಂದು ಯೂರೋದಷ್ಟು ಖೋತಾ ಬಿದ್ದಿತ್ತು, ಅದೂ ಹತ್ತು ತಿಂಗಳಿಂದ.

ಅವಳು ನಮ್ಮ ಮೆಟ್ಟಿಲ ಮೇಲೆ ಕೂತಳು. "ಆ ಸೂಪರ್‌ವೈಸರ್‌ನ ಇಷ್ಟು ವರ್ಷ ಬೈದೆ. ಈಗ ನಾನೂ ಅವನೂ ಒಂದೇ ಆಗೋದ್ವಲ್ಲ."

ತರ್ಜುಮೆ ಮಾಡಿದ ಪಾಪಿ ನಾನು ಎಂದೆ. ಅದು ಅವಳ ಕಿವಿಗೆ ಬೀಳಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಗಡುವಿಗೆ ಕಾಯುವ ಹೆಂಗಸಲ್ಲ ಅವಳು. ಮೂರನೆಯ ದಿನಕ್ಕೆ ಮರೇಡ್ ಲೆಕ್ಕ ಮಾಡಿ ಕಳಿಸಿದಳು, ಅಂದೇ ಅಷ್ಟೂ ಬಾಕಿ ಗಗನಾಳ ಖಾತೆಗೆ ಹೋಯಿತು. ರತ್ನಕ್ಕ ಆ ಹಾಳೆಯನ್ನು ಗಗನಾಳ ಮುಂದೆ ಇಡುವಾಗ, ಬೇಕಾದರೆ ರತ್ನಕ್ಕನಿಗೆ ಇಂಗ್ಲಿಷ್ ಓದಿ ಹೇಳಲೆಂದು ನಾನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗ್ರೈಂಡರ್ ನಿಲ್ಲಿಸಿ, ಕೈ ಒರೆಸಿಕೊಂಡು ಗಗನಾ ಓದಿದಳು. ಅವಳು ಹೇಳುವ ಮಾತಿಗೆ ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗೆ ಕಾದೆವು.

"ನಾನು ನಿನ್ನ ಕೂಲಿ ಕದ್ದೆ ಅಂದ್ಕೊಂಡ್ಯಾ?" ಕೊನೆಗೆ ರತ್ನಕ್ಕನೇ ಕೇಳಿದಳು.

"ಹಂಗಂದ್ಕೊಂಡಿದ್ರೆ ನೇರ ಕಂಪ್ಲೇಂಟ್ ಕೊಡ್ತಿದ್ದೆ. ನಿಮಗೆ ಗೊತ್ತಿಲ್ಲ ಅನ್ನಿಸ್ತು. ಕೆಲಸಗಾರರ ಹೆಲ್ಪ್‌ಲೈನ್‌ನೋರು ಮೊದಲು ಹಿಂಗೆ ಬರೆದು ಕೇಳಿ ಅಂದ್ರು, ಕೇಳಿದೆ. ಮುಖ ನೋಡ್ಕೊಂಡು ಕೇಳೋಕೆ ನನಗೆ ಧೈರ್ಯ ಬರ್ಲಿಲ್ಲ."

"ಕೆಲಸ ಬಿಟ್ಟು ಹೋಗ್ತೀಯಾ?"

"ಯಾಕೆ ಹೋಗ್ಲಿ? ಈಗ ಸಂಬಳ ಜಾಸ್ತಿ ಆಯ್ತಲ್ಲ."

ರತ್ನಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮೂರು ದಿನದಿಂದ ಅನ್ನ ಸೇರದವಳು ಅಲ್ಲೇ ಕೂತು ಎರಡು ದೋಸೆ ಹಾಕಿಸಿಕೊಂಡು ತಿಂದಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಮೂವರೂ ಮಾತಾಡಿದೆವು, ಟೀ ಕುಡಿದೆವು, ನನ್ನ ಇಂಗ್ಲಿಷನ್ನು ಅವರಿಬ್ಬರೂ ಸೇರಿ ಸಾಕಷ್ಟು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ಕೆಲಸ ಮುಗಿಸಿದ ಗಗನಾ, ಆ ದಿನವೇ ಶುರುವಾದ ಹೊಸ ಪುಸ್ತಕದಲ್ಲಿ ತನ್ನ ಗಂಟೆಗಳನ್ನು ಬರೆದಳು. ರತ್ನಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು.

"ಮೂರೂವರೆ ಅಂತ ಬರೆದಿದೀಯ. ನಾಲ್ಕು ಮಾಡು."

"ಅರ್ಧ ಗಂಟೆ ಮಾತಾಡ್ತಾ ಕೂತಿದ್ವಲ್ಲ ಅಕ್ಕ."

"ನಾನು ಅತ್ತಿದ್ದು ನಿನ್ನ ಡ್ಯೂಟಿ ಟೈಮಲ್ಲಿ. ಬರಿ."