ಎಡಗಾಲ ಬೂಟಿನೊಳಗಿನ ಹಾಳೆ

ಕನಸು, ಸೂಚನೆ, ದೆವ್ವ ಎನ್ನುವವರನ್ನು ನಾನು ಹತ್ತಿರ ಕೂರಿಸಿಕೊಳ್ಳುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನೆಂಬ ಒಂದೇ ಕಾರಣಕ್ಕೆ ಹಿರಿಯೂರಿನ ಅರ್ಧ ಜನ ನನಗೆ ದಡ್ಡರಾಗಿ ಕಾಣುತ್ತಿದ್ದ ಕಾಲ ಅದು.

ಎಪ್ಪತ್ತೊಂದರ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಕಡಲೆಕಾಯಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುವ ರೈಟರು. ಎದುರಿನ ಹೋಟೆಲಿನಲ್ಲಿ ಬೆಳಗಿನ ಟೀಗೆ ಸೇರುವವರಿಗೆಲ್ಲ ಯುದ್ಧವಿಮಾನಗಳದೇ ಮಾತು. ತಕರಾರು ಬಂದರೆ ತೀರ್ಪು ನನ್ನದು. ಪುಟ್ಟ ನ್ಯಾಟ್ ವಿಮಾನಕ್ಕೆ ಎಂಜಿನ್ ಎರಡು ಎಂದು ಒಂದು ದಿನ ತೀರ್ಪು ಕೊಟ್ಟೆ. ಪೇಪರಿನಲ್ಲಿ ಕಂಡ ಚಿತ್ರದಲ್ಲಿ ಅಕ್ಕಪಕ್ಕ ಗಾಳಿ ಎಳೆಯುವ ಬಾಯಿ ಎರಡಿದ್ದವಲ್ಲ!

ಮೂಲೆಯಲ್ಲಿದ್ದ ಐಮಂಗಲದ ಕುರಿಗಾರ ಈರಜ್ಜ ತಲೆ ಎತ್ತಿದ. ಅವನ ಮಗ ವಾಯುಪಡೆಯಲ್ಲಿ ಅದೇ ವಿಮಾನ ರಿಪೇರಿ ಮಾಡುತ್ತಿದ್ದವನು, ಯುದ್ಧದಲ್ಲಿ ಸತ್ತಿದ್ದ.

“ಒಂದೇ ರೈಟ್ರೇ. ‘ಕುರಿಗೆ ಹೊಳ್ಳೆ ಎರಡು, ಉಸ್ರು ಒಂದೇ ಅಲ್ವೇನಪ್ಪ, ಇದೂ ಹಂಗೇ’ ಅಂತ ರಜಕ್ಕೆ ಬಂದಾಗ ನನ್ ಮಗ ಹೇಳಿದ್ದ.”

“ನಿನ್ ಮಗ ಅಲ್ಲಿ ತಟ್ಟೆ ತೊಳೀತಿದ್ನೇನೋ ಕಣಜ್ಜ,” ಎಂದೆ. ಹೋಟೆಲೆಲ್ಲ ನಕ್ಕಿತು.

ಅಜ್ಜ ನಗಲಿಲ್ಲ. “ನನ್ ಮಗ ಸುಳ್ಳುಗಾರ ಅಲ್ಲ. ಪುಸ್ತಕ ನೋಡಿ ನಾಲ್ಕು ಜನರ ಮುಂದೆ ಹೇಳ್ರಿ. ಅಷ್ಟು ಸಾಕು.”

ನೋಡಿದೆ. ವಾಚನಾಲಯದ ಹಳೆಯ ಪತ್ರಿಕೆಯೊಂದರಲ್ಲಿ ಸ್ಪಷ್ಟವಾಗಿತ್ತು: ಎಂಜಿನ್ ಒಂದೇ. ಸುತ್ತ ಯಾರೂ ಇರಲಿಲ್ಲ. ಹಾಳೆ ಹರಿದು, ಮಡಚಿ, ಎಡಗಾಲಿನ ಬೂಟಿನೊಳಗೆ ತುರುಕಿದೆ. ಅಟ್ಟೆ ಸವೆದಿತ್ತು, ಅದಕ್ಕೂ ಆಯಿತು ಅಂದುಕೊಂಡೆ. ಅಂಥ ನೀಚ ನಾನು.

ಮರುದಿನ, “ಪುಸ್ತಕದಾಗೂ ಎರಡೇ ಐತೆ,” ಎಂದು ಎಲ್ಲರೆದುರು ಸಾರಿದೆ. ಈರಜ್ಜ ನನ್ನ ಮುಖ ನೋಡಲಿಲ್ಲ, ಬೂಟು ನೋಡಿದ.

“ಕನಸಿನಾಗೆ ಮಗ ಬಂದಿದ್ದ ರೈಟ್ರೇ. ‘ಅಪ್ಪ, ರೈಟ್ರ ಎಡಗಾಲ ಕೆಳಗೆ ಸಿಕ್ಕೊಂಡೀನಿ’ ಅಂದ. ಬೂಟು ಬಿಚ್ರಿ.”

“ಲೇ ಅಜ್ಜ, ಕುರಿ ಜೊತೆ ಮಲಗಿ ನಿನಗೂ ಕುರಿ ಬುದ್ಧಿ ಬಂತೇನು?” ಎಂದು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಂಗಾಲು ಬೆವರಿ ಹಾಳೆ ಒದ್ದೆಯಾಗುತ್ತಿತ್ತು. ಬೂಟು ಬಿಚ್ಚಲಿಲ್ಲ.

ಅಜ್ಜ ಬಗ್ಗಿ ನನ್ನ ಎಡಗಾಲಿನ ಬೂಟು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದ. ಸೋತು ಕಾಲಿಗೆ ಬಿದ್ದ ಎಂದು ಆ ಮೂಢರೆಲ್ಲ ಚಪ್ಪಾಳೆ ತಟ್ಟಿದರು. ಅವನು ಯಾರನ್ನು ಮುಟ್ಟಿದ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಹಾಳೆ ಹರಿದ ಹೊತ್ತಿನಲ್ಲಿ ಅವನು ಐಮಂಗಲದಲ್ಲಿ ಕುರಿ ಮೇಯಿಸುತ್ತಿದ್ದನಂತೆ. ಹಾಗಾದರೆ ಹೇಗೆ ತಿಳಿಯಿತು? ನನಗೆ ಇಂದಿಗೂ ಗೊತ್ತಿಲ್ಲ. ಅವನು ಮತ್ತೆ ಆ ಹೋಟೆಲಿಗೆ ಬರಲಿಲ್ಲ. ಹುಡುಕಿಕೊಂಡು ಹೋಗುವ ಧೈರ್ಯ ನನಗೆ ಬರುವಷ್ಟರಲ್ಲಿ ಅವನೂ ಇರಲಿಲ್ಲ, ಅವನು ಕೇಳಿದ ಆ ನಾಲ್ಕು ಜನರೂ ಇರಲಿಲ್ಲ.

ಓದುವ ನೀವಾದರೂ ಕೇಳಿ: ಎಂಜಿನ್ ಒಂದೇ.